ಕೆಳಕ್ಕೆ ಎಣಿಸಿದ ಗೆರೆ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರಿಗಾಂನ ನಮ್ಮ ಶಾಲೆಯ ಮಕ್ಕಳಿಗೆಲ್ಲ ಗೊತ್ತು. ಬಂಗಾರಪೇಟೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ದಿನವಂತೂ ಕೇಳಲೇಬೇಡಿ. ಅಂಥದೇ ಒಂದು ದಿನ ಹತ್ತನೇ ತರಗತಿಯವರ ಗಣಿತದ ಗ್ರಾಫ್ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹಂಚಿದೆ.

ಕೊಟ್ಟ ಸಮೀಕರಣ y = 2x + 1. x ಒಂದು ಹೆಚ್ಚಿದರೆ y ಎರಡು ಹೆಚ್ಚುತ್ತದೆ. ಹೀಗೆ ಏರುವ ಪ್ರಮಾಣವೇ ಸ್ಲೋಪು; ಇಲ್ಲಿ ಅದು ಎರಡು, ಗೆರೆ ಬಲಕ್ಕೆ ಹೋದಂತೆ ಮೇಲೇರಬೇಕು. ಮೂರನೇ ಬೆಂಚಿನ ಹುಡುಗಿ ಸ್ಲೋಪು ಎರಡು ಎಂದು ಸರಿಯಾಗಿಯೇ ಬರೆದಿದ್ದಳು. ಗೆರೆ ಮಾತ್ರ ಕೆಳಗಿಳಿದಿತ್ತು. ನಾನು ಸೊನ್ನೆ ಸುತ್ತಿದ್ದೆ.

“ಉತ್ತರ ಪಕ್ಕದವಳಿಂದ ಕದ್ದದ್ದು, ಗೆರೆ ಮಾತ್ರ ನಿನ್ನದಾ?” ಎಂದು ಎಲ್ಲರೆದುರೂ ಕೇಳಿದೆ.

“ಇಲ್ಲ ಮೇಡಂ, ತಾತ ಹಿಂಗೇ ಹೇಳ್ಕೊಟ್ಟಿದ್ದು.”

“ಹಾಗಾದ್ರೆ ಇನ್ಮೇಲೆ ತಾತ ಹೇಳಿಕೊಡೋದು ಬೇಡ ಅಂತ ಹೇಳು.”

ಮಕ್ಕಳು ನಕ್ಕರು. ಅವಳು ತಲೆ ತಗ್ಗಿಸಿ ಕೂತಳು.

ಮರುದಿನ ತಾತನೇ ಬಂದರು. ಇಲ್ಲಿನ ಚಿನ್ನದ ಗಣಿ ಮುಚ್ಚುವವರೆಗೂ ಭೂಮಿಯೊಳಗೆ ದುಡಿದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಚಾಂಪಿಯನ್ ರೀಫ್ಸ್‌ನ ಗಣಿ ಕಾಲೊನಿಯಿಂದ ನಡೆದೇ ಬಂದಿದ್ದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಮಗು ಕದ್ದಿಲ್ಲ ಮೇಡಂ, ತಪ್ಪು ನಂದು. ನಮಗೆ ಗಣಿ ಬಾಯೇ ಸೊನ್ನೆ. ಕೆಳಕ್ಕಿಳಿದಷ್ಟೂ ನಂಬರು ಜಾಸ್ತಿ. ಅಂಗೇ ಏಳ್ಕೊಟ್ಬಿಟ್ಟೆ. ಸಾಯಂಕಾಲ ಮಗು ಜೊತೆ ಕೂತು ಲೆಕ್ಕ ಮಾಡೋದಂದ್ರೆ ನಂಗೂ ಒಂದು ಖುಸಿ. ಇನ್ಮೇಲೆ ಅವಳ ಪುಸ್ತಕ ಮುಟ್ಟಲ್ಲ. ಕದ್ದವಳೆ ಅನ್ನೋ ಮಾತು ಮಾತ್ರ ತೆಗೆದಾಕಿ.”

ಅವಳ ಉತ್ತರಪತ್ರಿಕೆ ತರಿಸಿ ನೋಡಿದೆ. ಮೂಲಬಿಂದುವಿನಿಂದ ಕೆಳಕ್ಕೆ ಒಂದು, ಎರಡು, ಮೂರು ಎಂದು ಅಚ್ಚುಕಟ್ಟಾಗಿ ಬರೆದಿತ್ತು. ಆ ಎಣಿಕೆಯಲ್ಲಿ ಒಂದು ಬಿಂದುವೂ ತಪ್ಪಿರಲಿಲ್ಲ. ಇಷ್ಟು ವರ್ಷ ಪಾಠ ಮಾಡಿದ ನಾನು ಗೆರೆ ನೋಡಿದ್ದೆ, ಪಕ್ಕದ ಅಂಕಿ ನೋಡಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ತಾತನನ್ನು ತರಗತಿಗೆ ಕರೆದುಕೊಂಡು ಹೋದೆ. ಇವಳು ಕದ್ದಿಲ್ಲ, ತಪ್ಪು ನನ್ನದು ಎಂದು ಮಕ್ಕಳಿಗೆ ಹೇಳಿ ತಾತನ ಕೈಗೆ ಸೀಮೆಸುಣ್ಣ ಕೊಟ್ಟೆ. ಕಾರ್ಮಿಕರನ್ನು ಇಳಿಸುವ ಕೇಜು ನಿಮಿಷಕ್ಕೆ ಎಷ್ಟು ಆಳ ಹೋಗುತ್ತದೆ ಎಂದು ಅವರು ಕೆಳಮುಖವಾಗಿ ಗೆರೆ ಎಳೆದು ತೋರಿಸಿದರು. ಗೆರೆ ಕಡಿದಾದಷ್ಟೂ ಕೇಜಿನ ವೇಗ ಹೆಚ್ಚು ಎಂದು ಹಿಂದಿನ ಬೆಂಚಿನವರಿಗೂ ಅರ್ಥವಾಯಿತು. ಸ್ಲೋಪು ಅಂದರೆ ಇದೇ ಎಂದು ಹೇಳಲು ನಾನು ಹದಿನೈದು ದಿನ ಗಂಟಲು ಹರಿದುಕೊಂಡಿದ್ದೆ.

ಹೊರಡುವಾಗ, “ಹೇಳಿಕೊಡೋದು ನಿಲ್ಲಿಸಬೇಡಿ” ಎಂದೆ. ಅವರು ಕೈಮುಗಿದು ಗೇಟಿನತ್ತ ನಡೆದರು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತದೆಯೇ? ಆ ವಾರವೆಲ್ಲ ಹುಡುಗಿಯ ಹೋಂವರ್ಕಿನಲ್ಲಿ ಅವಳೊಬ್ಬಳದೇ ಅಕ್ಷರ, ತಾತನ ಕೈ ಎಲ್ಲೂ ಕಾಣಲಿಲ್ಲ. ನೋಡಿದಾಗಲೆಲ್ಲ ನನ್ನ ನಾಲಿಗೆಯನ್ನು ಬೈದುಕೊಂಡೆ.

ಸೋಮವಾರ ಮತ್ತೆ ಅವಳ ನೋಟ್‌ಬುಕ್ ತೆರೆದೆ. ಗೆರೆ ಬಲಕ್ಕೆ ನೇರವಾಗಿ ಮೇಲೇರಿತ್ತು. ಮೂಲಬಿಂದುವಿನ ಪಕ್ಕದಲ್ಲಿ ಪೆನ್ಸಿಲಿನಿಂದ, ನಡುಗುವ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು: “ಇಲ್ಲಿಂದ ಮೇಲಕ್ಕೆ ಎಣಿಸು ಮಗು.”