ಅವ್ವನಿದ್ದ ಡಿಸ್ಕ್

ಕೊಳ್ಳೇಗಾಲದ ಮನೆಯ ಅಟ್ಟ ಗುಡಿಸುವಾಗ ಇವತ್ತು ಖಾಲಿ ಡಿವಿಡಿಗಳ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದಾಗ ಬಂದ ಪ್ಲಾಸ್ಟಿಕ್ ವಾಸನೆಗೆ ಚಿಕ್ಕಪ್ಪನ ರಕ್ತ ನೆನಪಾಯಿತು.

ಟಿವಿಯಲ್ಲಿ ಬಂದದ್ದನ್ನು ರೆಕಾರ್ಡ್ ಮಾಡುವ ಮೆಷಿನ್ ತಂದವನು ಅವನೇ. "ಡಿಸ್ಕ್ ಮ್ಯಾಲೆ ಆರ್ ಅಂತಿದ್ರೆ ಒಂದೇ ಸಲ ತುಂಬ್ಕಬೌದು ಕಣವ್ವ, ಅಳ್ಸಕಾಗಲ್ಲ. ಆರ್‌ಡಬ್ಲ್ಯೂ ಆದ್ರೆ ಅಳ್ಸಿ ಅಳ್ಸಿ ತುಂಬ್ಕಬೌದು" ಎಂದು ನನಗೆ ಕಲಿಸಿದ್ದ.

ತೀರಿಹೋದ ಅವ್ವ ಮಾತಾಡಿದ್ದ ಒಂದೇ ಒಂದು ವಿಡಿಯೊ ಇದ್ದದ್ದು ಆರ್‌ಡಬ್ಲ್ಯೂ ಡಿಸ್ಕಿನಲ್ಲಿ. ಅದರ ಮೇಲೆ ಹೆಸರು ಬರೆದಿರಲಿಲ್ಲ. ಒಂದು ದಿನ ಚಿಕ್ಕಪ್ಪ, "ಮ್ಯಾಚ್‌ಗೆ ಒಂದ್ ಡಿಸ್ಕ್ ಆಕವ್ವ" ಎಂದಾಗ ಗೊತ್ತಿಲ್ಲದೆ ಅದನ್ನೇ ಹಾಕಿದೆ. ಅಳಿಸಬೇಕೆ ಎಂದು ಮೆಷಿನ್ ಕೇಳಿತು. ಹೌದು ಎಂದು ಒತ್ತಿದೆ.

ಅವ್ವನನ್ನು ನೋಡಲು ಕೂತ ಅಪ್ಪನಿಗೆ ಕಂಡದ್ದು ಕ್ರಿಕೆಟ್. ಯಾರ ಮೇಲೂ ಕೈ ಎತ್ತದ ಅಪ್ಪ, ಮಗ್ಗದ ಪಕ್ಕದಲ್ಲಿದ್ದ ಕೋಲಿನಿಂದ ಚಿಕ್ಕಪ್ಪನ ಮುಖಕ್ಕೆ ಬಾರಿಸಿದರು. ಎರಡು ಹಲ್ಲು ಉದುರಿದವು. ಬಿದ್ದವನಿಗೂ ಹೊಡೆದರು. ಚಿಕ್ಕಪ್ಪ ಬಾಗಿಲ ಸಂದಿಯಲ್ಲಿದ್ದ ನನ್ನನ್ನು ನೋಡಿ, "ನಾನೇ ಕಣಣ್ಣ ಅಳ್ಸಿದ್ದು" ಎಂದ. ಮನೆ ಬಿಟ್ಟು ಮಾರ್ಟಳ್ಳಿ ಊರಿಗೆ ಹೋದವನು ಮತ್ತೆ ಬರಲಿಲ್ಲ.

ಇವತ್ತು ಅಪ್ಪನಿಗೆ ನಿಜ ಹೇಳಿದೆ. ಅವರು ಚಿಕ್ಕಪ್ಪನ ನಂಬರ್ ಹುಡುಕಿಸಿ ಫೋನ್ ಮಾಡಿಸಿದರು. ಆ ಕಡೆಯಿಂದ "ಯಾರು?" ಎಂಬ ದನಿ ಕೇಳಿದ್ದೇ ತಡ, ಫೋನನ್ನು ನನ್ನ ಕೈಗೆ ಕೊಟ್ಟರು.