ಪೇಪರಿನಲ್ಲಿ ಸುತ್ತದ ಅಕ್ಕ

ಅಜ್ಜಂಪುರದ ಬಸ್ ನಿಲ್ದಾಣದ ಹತ್ತಿರ ಮೆಡಿಕಲ್ ಶಾಪ್ ಇಟ್ಟಿದ್ದ ಅಕ್ಕ ಕಾಂಡೋಮನ್ನು ಎಂದೂ ಪೇಪರಿನಲ್ಲಿ ಸುತ್ತಿ ಕೊಟ್ಟವರಲ್ಲ. ಗಾಜಿನ ಮೇಲಿಟ್ಟು, ಒಂದೇ ಬೆರಳಿನಿಂದ ನಮ್ಮ ಕಡೆ ತಳ್ಳಿ, "ತಲೆ ಎತ್ಕಂಡು ತಗಳ್ರಿ" ಎನ್ನುತ್ತಿದ್ದರು.

ನನ್ನ ಗಂಡನಿಗೆ ಎಚ್‌ಐವಿ ಇದೆ, ನನಗಿಲ್ಲ. ಗೊತ್ತಿದ್ದೇ ಮದುವೆಯಾದೆ. ಇವರು ಮಾತ್ರೆ ತಪ್ಪಿಸಿದವರಲ್ಲ. ಆದರೆ ರಬ್ಬರಿನ ಕಾಂಡೋಮ್ ನನ್ನ ಮೈಗೆ ಆಗದೆ ಗುಳ್ಳೆ ಏಳುತ್ತಿದ್ದವು. ಕಡೂರಿನ ಕಡೆ ಕುರಿ ಸಾಕುವ ಮನೆಯಲ್ಲಿ ಬೆಳೆದ ಇವರು, ಕುರಿ ಕರುಳಿನ ಪೊರೆಯಿಂದ ಮಾಡಿದ್ದನ್ನು ಆನ್‌ಲೈನಿನಲ್ಲಿ ತರಿಸಿ, ಅಕ್ಕನ ಮುಂದೆಯೇ ಅದಕ್ಕೆ ನೀರು ತುಂಬಿ ಎತ್ತಿ ಹಿಡಿದರು.

"ನೋಡ್ರಕ್ಕ, ಒಂದು ಹನಿ ಸೋರಲ್ಲ. ಕುರಿ ಕರುಳು ನಮಗೆ ಗೊತ್ತಿಲ್ವಾ?"

"ನೀರು ನಿಲ್ತದೆ ಕಣಪ್ಪ, ವೈರಸ್ ನಿಲ್ಲಲ್ಲ. ಅದರ ತೂತು ನಮ್ಮ ಕಣ್ಣಿಗೆ ಕಾಣಲ್ಲ, ವೈರಸ್‌ಗೆ ಅದೇ ಹೆಬ್ಬಾಗ್ಲು."

ಆಮೇಲೆ ತರೀಕೆರೆಯಿಂದ ಪಾಲಿಯುರೇಥೇನ್ ಎಂಬ ಪ್ಲಾಸ್ಟಿಕ್ಕಿನ ಕಾಂಡೋಮನ್ನು ತರಿಸಿಕೊಟ್ಟರು. "ಇದು ರಬ್ಬರಲ್ಲ, ಗುಳ್ಳೆ ಏಳಲ್ಲ. ವೈರಸ್ಸನ್ನೂ ಬಿಡಲ್ಲ."

ಅಕ್ಕ ಅಂಗಡಿ ಬಿಟ್ಟುಕೊಡುವ ವಾರ ನನ್ನ ರಕ್ತಪರೀಕ್ಷೆ ಮತ್ತೆ ನೆಗೆಟಿವ್ ಬಂತು. ನೇರ ಅಲ್ಲಿಗೇ ಹೋದೆ. ಅಂಗಡಿ ತುಂಬ ಜನರಿದ್ದರು. ಎಲ್ಲರಿಗೂ ಕೇಳುವಂತೆ ಕಾಂಡೋಮ್ ಕೊಡಿ ಎಂದೆ. ಅಕ್ಕ ಗಾಜಿನ ಮೇಲಿಟ್ಟು ಬೆರಳಿನಿಂದ ತಳ್ಳಿದರು. ತಲೆ ಎತ್ತು ಎಂದು ಅವತ್ತು ಹೇಳಲಿಲ್ಲ.