ಖಣದ ನಮೂನೆಗಳಿಗೆ ಪಾಸ್‌ವರ್ಡ್

ಬಾಜೂಮನಿ ಕಾಕು ಕಂಪ್ಯೂಟರಿನಲ್ಲಿ ಏನೋ ಗುಟ್ಟು ಮುಚ್ಚಿಟ್ಟಿದ್ದಳು ಎಂದು ಗುಳೇದಗುಡ್ಡದ ನಮ್ಮ ಓಣಿ ಇವತ್ತಿಗೂ ಹೇಳುತ್ತದೆ. ನಾನು ಒಪ್ಪುವುದಿಲ್ಲ. ಗುಟ್ಟಿದ್ದವರು ಕಂಪ್ಯೂಟರನ್ನು ಪಡಸಾಲೆಯಲ್ಲಿ, ಬಾಗಿಲು ತೆರೆದು ಇಡುತ್ತಾರೆಯೇ? ಓಣಿಯ ಹುಡುಗರೆಲ್ಲ ಪರೀಕ್ಷೆಯ ಫಲಿತಾಂಶ ನೋಡಿದ್ದು ಅಲ್ಲೇ, ಮಗ್ಗದ ಸದ್ದಿನ ನಡುವೆ. ಒಂದೇ ಫೋಲ್ಡರಿಗೆ ಪಾಸ್‌ವರ್ಡ್ ಇತ್ತು. ಅದರಲ್ಲಿ ಆಕೆ ಬಿಡಿಸಿದ ರವಿಕೆ ಖಣದ ನಮೂನೆಗಳಿದ್ದವು, ಅದೂ ಎಲ್ಲರಿಗೂ ಗೊತ್ತಿತ್ತು. ತೆರೆಯುವಾಗ ಬೆರಳುಗಳ ಮೇಲೆ ಸೆರಗು ಹೊದಿಸಿ, "ಮಾರಿ ಆ ಕಡೆ ಮಾಡ್ರಿ" ಎನ್ನುತ್ತಿದ್ದಳು. ನಾವು ನಗುತ್ತ ಗೋಡೆಗೆ ತಿರುಗುತ್ತಿದ್ದೆವು.

ಒಮ್ಮೆ ಆಕೆಯ ಭಾವ ವ್ಯಾಪಾರಿಯೊಬ್ಬನನ್ನು ಕರೆತಂದು, ನಮೂನೆಗಳೆಲ್ಲ ತನ್ನವೇ ಎಂದು ಹೇಳಿ, "ತೆಗಿ ಅದನ್ನ. ಮನಿಯೊಳಗ ಎಂಥಾ ಕೀಲಿ?" ಎಂದ.

"ನಿಮ್ಮ ಮಗ್ಗಕ್ಕ ನಾ ಎಂದಾದ್ರೂ ಕೇಳದೇ ಕೈ ಹಚ್ಚೇನೇನ್ರಿ ಭಾವಾರ? ಇದು ನನ್ನ ಮಗ್ಗ. ಚಾ ಕುಡೀರಿ."

ಭಾವ ಕುಡಿಯಲಿಲ್ಲ. ವ್ಯಾಪಾರಿ ಕುಡಿದ.

ಈಗ ಕಾಕು ಬಾಗಲಕೋಟೆಯಲ್ಲಿ ಮಗಳ ಜೊತೆ ಇದ್ದಾಳೆ. ಕಂಪ್ಯೂಟರ್ ಇಲ್ಲೇ ಉಳಿದಿದೆ. ಮೊನ್ನೆ ಆ ಭಾವ ನನ್ನನ್ನು ಕರೆದು, "ನೀ ಕಲತಾಂವ, ಆ ಪಾಸ್‌ವರ್ಡ್ ಮುರದು ಕೊಡೋ" ಎಂದ. ಕೀಬೋರ್ಡಿಗೆ ಕೈ ಹಚ್ಚುವ ಮೊದಲು ನಾನು ಕೇಳಿದೆ:

"ಕಾಕಾ, ಕಾಕು ನಂಬರ್ ನಿಮ್ಮ ಫೋನಿನ್ಯಾಗ ಐತಲ್ಲ. ತೆಗೀಲೇನು ಅಂತ ಆಕಿನ್ನ ಕೇಳಿದ್ರೇನ್ರಿ?"